ಸಾವಿನ ಮನೆ ನೋಡಿ ಬರುತ್ತಿದ್ದವಳು

ಬಾಳೂರಿನ ಆ ಎಸ್ಟೇಟಿನಲ್ಲಿ ಮನೆಯಲ್ಲಿ ಸಾವಾದರೆ ರಜೆಗೆ ಸಂಬಳ ಹಿಡಿಯುತ್ತಿರಲಿಲ್ಲ. ಯಾವನೋ ಒಬ್ಬ ಭೂಪ ಒಂದೇ ಮಳೆಗಾಲದಲ್ಲಿ ಇದ್ದೊಬ್ಬ ಅಜ್ಜಿಯನ್ನು ಎರಡು ಸಲ ಸಾಯಿಸಿದ ನೋಡಿ, ಅಲ್ಲಿಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ದೇವರಾಜ ಹೊಸ ಕಟ್ಟುಪಾಡು ತಂದ. ರಜೆ ಕೇಳಿದವರ ಹಿಂದೆ ಜೊತೆ ಕೆಲಸದವರೊಬ್ಬರು ಸಾವಿನ ಮನೆಗೆ ಹೋಗಿ, ಕಣ್ಣಾರೆ ಕಂಡು ಬಂದು ಹೇಳಬೇಕು. ಸತ್ತವರ ಬಾಯಿಗೆ ನೀರು ಬಿಟ್ಟವರಿಗೆ ರಜೆ, ಉಳಿದವರಿಗಿಲ್ಲ. ನೋಡಿ ಬರುವ ಕೆಲಸ ಅಂಜನಮ್ಮನ ಪಾಲಿಗೆ ಬಿತ್ತು. ಅವಳ ನಾಲಿಗೆ ಸುಳ್ಳಿಗೆ ಹೊರಳುವುದಿಲ್ಲ ಎಂದು ಕೂಲಿ ಲೈನಿನ ಮನೆಮನೆಗೂ ಗೊತ್ತಿತ್ತು.

ವರ್ಷಗಟ್ಟಲೆ ಹೋದಳು. ಯಾರಾದರೂ ವಿಚಾರಿಸಿದರೆ "ಜೊತೆ ಕೆಲಸದೋರು" ಎಂದು ಹೇಳಿ ಬೇಲಿ ಪಕ್ಕ ನಿಲ್ಲುವಳು. ಕೊನೆಕೊನೆಗೆ ಕಾಯಿಲೆಯವರನ್ನು ಮಾತಾಡಿಸಲು ಹೋದರೂ ಜನ ಬೆದರುತ್ತಿದ್ದರು.

ತೊಂಬತ್ತೊಂಬತ್ತರ ಕಾಫಿ ಹಣ್ಣಿನ ಕುಯ್ಲಿನಲ್ಲಿ ಆಲ್ದೂರಿನಿಂದ ಸುದ್ದಿ ಬಂತು. ಅವಳ ಗಂಡ ನಿಂಗಯ್ಯ ತೀರಿಕೊಂಡಿದ್ದ. ಅವಳನ್ನು ಬಿಟ್ಟು ಅಲ್ಲಿ ಬೇರೊಬ್ಬಳ ಜೊತೆ ಸಂಸಾರ ಹೂಡಿ ಎಷ್ಟೋ ಕಾಲವಾಗಿತ್ತು.

"ಬಿಟ್ಟು ಹೋದೋನಿಗೆ ಏನು ಋಣ ಮಾರಾಯ್ತಿ?" ಎಂದಳು ಪಕ್ಕದ ಮನೆಯ ಸಾವಿತ್ರಮ್ಮ.

"ತಾಳಿ ಕಟ್ಟಿದ್ದು ನಂಗೆ. ಒಂದು ಗುಟುಕು ನೀರು ಬಿಟ್ಟು ಬರ್ತೀನಿ, ಅಷ್ಟೇ."

ಕಟ್ಟು ಅಂದರೆ ಕಟ್ಟು. ದೇವರಾಜ ಈ ಸಲ ಸಾವಿತ್ರಮ್ಮನನ್ನು ಸಾಕ್ಷಿಗೆ ಕಳಿಸಿದ. ಬಸ್ಸಿನಲ್ಲಿ ಅಂಜನಮ್ಮ ಕೂತಲ್ಲಿ ಕೂರಲಿಲ್ಲ. ಸ್ಟಾಪು ಬಂದಾಗಲೆಲ್ಲ ಏಳುವಳು, ಸೆರಗು ಬಿಗಿಯುವಳು. "ಒಳಗೆ ಬಿಡ್ತಾರಾ ಸಾವಿತ್ರಿ?" ಎಂದು ಕೇಳಿದ್ದನ್ನೇ ಕೇಳುವಳು.

ಅಂಗಳಕ್ಕೆ ಕಾಲಿಟ್ಟರೋ ಇಲ್ಲವೋ, ಅತ್ತು ಕಣ್ಣು ಊದಿದ ಹೆಂಗಸೊಬ್ಬಳು ಎದುರು ಬಂದಳು. ನಿಂಗಯ್ಯನ ಸಂಸಾರ ಅವಳೇ.

"ಯಾರು ನೀವು?"

"ಜೊತೆ ಕೆಲಸದೋರು."

ಮನಸ್ಸಿನಲ್ಲಿದ್ದದ್ದು ಬಾಯಿಗೆ ಬರುವ ಮೊದಲೇ ಅಂಜನಮ್ಮನ ನಾಲಿಗೆ ತನ್ನ ಅಭ್ಯಾಸ ತೋರಿಸಿಬಿಟ್ಟಿತ್ತು.

"ಪಾಪ, ಕೆಲಸ ಬಿಟ್ಟು ಬಂದ್ರಿ. ಅಲ್ಲಿ ಕೂತ್ಕೊಳ್ಳಿ," ಎಂದು ಅವಳು ಒಳಗೆ ಹೋದಳು. ಸಾವಿತ್ರಮ್ಮ ಅಂಜನಮ್ಮನ ತೋಳು ಚಿವುಟಿದಳು. "ಹೆಂಡ್ತಿ ಅಂತ ಹೋಗಿ ಹೇಳೇ."

ಅಂಜನಮ್ಮ ಬಾಗಿಲವರೆಗೆ ಹೋದಳು. ಒಳಗೆ ಆ ಹೆಂಗಸು ಮಕ್ಕಳ ಕೈ ಹಿಡಿದು ನೀರು ಬಿಡಿಸುತ್ತಿದ್ದಳು. ಈಗ ಬಾಯಿ ಬಿಟ್ಟರೆ ಹೆಣದ ಮುಂದೆ ರಂಪ ಆಗುತ್ತದೆ. ಹಿಂದಕ್ಕೆ ಬಂದಳು, ಮತ್ತೆ ಹೋದಳು. ಹಾಗೆ ಓಡಾಡುತ್ತಿರುವಾಗಲೇ ಚಟ್ಟ ಎತ್ತಿದರು. ಕಂಡದ್ದು ಅವನ ಪಾದ ಮಾತ್ರ.

ಮಾರನೇ ದಿನ ಆಫೀಸಿನಲ್ಲಿ ದೇವರಾಜ ಕೇಳಿದ, "ನೀರು ಬಿಟ್ಲಾ?"

"ಬಿಟ್ಲು ರೈಟ್ರೇ. ಇವಳೇ ಮೊದ್ಲು ಬಿಟ್ಟಿದ್ದು," ಎಂದಳು ಸಾವಿತ್ರಮ್ಮ.

"ಇಲ್ಲ," ಎಂದಳು ಅಂಜನಮ್ಮ. "ನಾನು ಹೊರಗೇ ನಿಂತಿದ್ದೆ. ಸಂಬಳ ಹಿಡ್ಕೊಳ್ಳಿ."

ಕುಕ್ಕೆ ಎತ್ತಿಕೊಂಡು ತೋಟಕ್ಕೆ ಹೊರಟವಳು ಬಾಗಿಲಲ್ಲಿ ತಿರುಗಿದಳು.

"ಆದ್ರೆ ಸತ್ತಿದ್ದು ನನ್ನ ಗಂಡನೇ ರೈಟ್ರೇ."