ಸೌಡಮ್ಮನ ಕೆಂಪು ಬಾಣ

ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಸೌಡಮ್ಮನಿಗೆ ತಪ್ಪು ಹುಡುಕುವುದೇ ಕೆಲಸ. ಪ್ರಿಂಟಾಗಿ ಬಂದ ಬಟ್ಟೆಯಲ್ಲಿ ಕಲೆಯೋ ತೂತೋ ಕಂಡರೆ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಬೇಕು. ಮೂವತ್ತು ವರ್ಷದ ಈ ಚಟ ಮನೆಗೂ ಬಂದು, ಸೊಸೆ ಗೋಕಿಲಾಳ ದೋಸೆಗೂ ಒಮ್ಮೆ ಬಾಣ ಬಿದ್ದಿತ್ತು. ತನ್ನ ತಪ್ಪನ್ನು ಮಾತ್ರ ಆಕೆ ಜನ್ಮದಲ್ಲಿ ಒಪ್ಪಿದವಳಲ್ಲ.

2009ರ ಒಂದು ಭಾನುವಾರ, ಮಾಳಿಗೆಯಲ್ಲಿ ಬಾಡಿಗೆಗಿದ್ದ ಮಂಗಳೂರಿನ ಜಾಸ್ಮಿನ್ ಜಗಲಿಯಲ್ಲಿ, ಒಂದು ನಕ್ಷತ್ರದ ಬೆಳಕಿನ ಏರಿಳಿತವನ್ನು ಗೆರೆಯಾಗಿ ಬರೆದ ಉದ್ದನೆಯ ಕಾಗದ ಹರಡಿ ತಲೆಯ ಮೇಲೆ ಕೈಹೊತ್ತು ಕೂತಿದ್ದಳು. ಅವಳದು ನಕ್ಷತ್ರಗಳ ಸಂಶೋಧನೆ.

“ಇದು ಎಳೆ ನಕ್ಷತ್ರ ಅಮ್ಮಾ, ಮೈತುಂಬ ಕಲೆ. ಬೆಳಕು ಏರುತ್ತೆ, ಇಳಿಯುತ್ತೆ. ಪುಟ್ಟ ಗ್ರಹ ಅಡ್ಡ ಬಂದರೂ ಚೂರು ಮಂಕಾಗುತ್ತೆ. ಯಾವುದು ಕಲೆ, ಯಾವುದು ಗ್ರಹ ಅಂತಲೇ ಗೊತ್ತಾಗ್ತಿಲ್ಲ.”

“ಇಷ್ಟೇನಾ ಮಗಳೇ? ಕಲೆ ಇಷ್ಟ ಬಂದಂಗೆ ಹರಡ್ತದೆ, ಕರಗ್ತದೆ. ಪ್ರಿಂಟಿಂಗ್ ರೋಲರ್ ತಪ್ಪು ಅಂಗಲ್ಲ. ಒಂದೇ ಅಳತೆ, ಒಂದೇ ದೂರ, ಸುತ್ತಿ ಸುತ್ತಿ ಬಂದೇ ಬರ್ತದೆ.”

ಸೌಡಮ್ಮ ಕೊರಳಿನ ಟೇಪು ಎಳೆದು, ಗೆರೆಯಲ್ಲಿ ಒಂಬತ್ತು ಇಂಚಿಗೊಂದರಂತೆ ಬಿದ್ದಿದ್ದ ನಾಲ್ಕು ಸಣ್ಣ ಕುಳಿಗಳಿಗೆ ಬಾಣ ಅಂಟಿಸಿದಳು. “ಇದೇ ಗ್ರಹ!” ಎಂದು ಜಾಸ್ಮಿನ್ ಎದ್ದು ಕುಣಿದೇಬಿಟ್ಟಳು.

“ಆ ನಕ್ಷತ್ರ ರಿಜೆಕ್ಟ್,” ಎಂದಳು ಸೌಡಮ್ಮ. “ನಮ್ಮ ಸೂರ್ಯ ಫಸ್ಟ್ ಕ್ವಾಲಿಟಿ ತಾನೆ?”

“ದೂರದಿಂದ ನೋಡಿದರೆ ಅವನಲ್ಲೂ ಇಂಥದೇ ಕುಳಿ ಕಾಣುತ್ತೆ ಅಮ್ಮಾ. ಅದು ನಮ್ಮ ಭೂಮಿ. ನಾವೇ.”

ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದ ಗೋಕಿಲಾ ಮೆಲ್ಲಗೆ ಬಂದು, ಸ್ಟಿಕ್ಕರ್ ಹಾಳೆಯಲ್ಲಿ ಉಳಿದಿದ್ದ ಒಂದೇ ಬಾಣವನ್ನು ಕಿತ್ತು ಅತ್ತೆಯ ಹಣೆಗೆ ಅಂಟಿಸಿದಳು.