ಜಗಲಿಯ ಮುಂದೆ ಕೂರಿಸಿ ಕೇಳಿದ್ದು

ನೀಲವ್ವಾ, ಆ ಸಂಜೆ ನಿಮ್ಮಪ್ಪ ಬಾಗಿಲ ಹಿಂದೆ ಅಕಸ್ಮಾತ್ತಾಗಿ ಬಂದಿರಲಿಲ್ಲ. ನಾನೇ ಅವರನ್ನು ಅಲ್ಲಿ ಕೂರಿಸಿದ್ದೆ. ನೀನು ನನ್ನ ಮುಂದೆ ಬಾಯಿ ಬಿಡುತ್ತೀ ಎಂದು ಗೊತ್ತಿದ್ದೇ — ಕೂರಿಸಿದ್ದೆ.

ಕುಷ್ಟಗಿಯ ನಮ್ಮ ಮನೆಯಲ್ಲಿ ದೇವರ ಜಗಲಿಯ ಮುಂದೆ ಯಾರನ್ನೂ ಬೈಯಬಾರದು. ಅದು ನಮ್ಮತ್ತೆಯ ಕಾಲದ ಕಟ್ಟಳೆ. ನಿಮ್ಮಪ್ಪ ಮುಂಗೋಪಿ, ನೀನು ಪಾಠ ತಪ್ಪಿದರೆ ಬರೆಯುವ ಪಾಟಿ ಕಿತ್ತು ಎಸೆಯುವವರು. ಆದರೂ ಆ ಕಟ್ಟಳೆ ಮೀರಿದವರಲ್ಲ. ಅದಕ್ಕೇ ನಿನ್ನ ಓದಿನ ಚಾಪೆಯನ್ನು ಅಲ್ಲಿ ಹಾಸಿದೆ. "ಇಲ್ಲಿ ತಪ್ಪಿದ್ರ ಯಾರೂ ಬೈಯಂಗಿಲ್ಲವ್ವಾ. ತಿಳೀಲಿಲ್ಲಂದ್ರ ತಿಳೀಲಿಲ್ಲ ಅನ್ನು," ಎಂದೆ. ತಿಂಗಳೊಪ್ಪತ್ತಿನಲ್ಲಿ ನೀನು ದನಿ ಎತ್ತಿ ಓದುವಂತಾದೆ. ತಪ್ಪು ಓದಿ ನೀನೇ ನಗತೊಡಗಿದೆ. ಅಷ್ಟು ಒಳ್ಳೆಯ ಕೆಲಸವನ್ನು ನಾನು ಬದುಕಿನಲ್ಲಿ ಬೇರೆ ಮಾಡಿಲ್ಲ — ಅದನ್ನು ಕೆಡಿಸಿದವಳೂ ನಾನೇ.

ಕಾರಣ ಕೇಳುತ್ತೀಯಾ? ಹೊಟ್ಟೆಕಿಚ್ಚು. ನವಾಬರ ಕಾಲದ ಶಾಲೆ, ಪಾಠವೆಲ್ಲ ಉರ್ದು. ನನಗೆ ಬರುತ್ತಿದ್ದುದು ನಾಲ್ಕು ಕನ್ನಡ ಅಕ್ಷರ. ನಿನ್ನ ಶಿಕ್ಷಕಿ, ಆ ಉಸ್ತಾನಿಯವರು, ಒಮ್ಮೆ ಮನೆಗೆ ಬಂದಾಗ ನೀವಿಬ್ಬರೂ ಉರ್ದುವಿನಲ್ಲಿ ಏನೋ ಮಾತಾಡಿ ನಕ್ಕಿರಿ. ನಾನು ಚಹಾ ಹಿಡಿದು ನಿಂತೇ ಇದ್ದೆ. ಮಗಳು ಕೈತಪ್ಪಿ ಹೋದಳು ಅನ್ನಿಸಿತು — ಇಲ್ಲ, ಇಷ್ಟು ಮೆತ್ತಗೆ ಹೇಳಬಾರದು. ನಿನ್ನನ್ನು ಶಾಲೆ ಬಿಡಿಸಬೇಕು ಅನ್ನಿಸಿತು.

ಲೆಕ್ಕದಲ್ಲಿ ನೀನು ಹಿಂದೆ ಬಿದ್ದದ್ದು ನನಗೆ ಗೊತ್ತಿತ್ತು. ಓದು ತಲೆಗೆ ಹತ್ತದಿದ್ದರೆ ಮದುವೆಯೇ ಸೈ ಎಂಬ ನಿಮ್ಮಪ್ಪನ ಮಾತೂ ಗೊತ್ತಿತ್ತು. ಅವರನ್ನು ಬಾಗಿಲ ಹಿಂದೆ ಕೂರಿಸಿ, ಜಗಲಿಯ ಮುಂದೆ ನಿನ್ನ ತಲೆ ಬಾಚುತ್ತ, ಲೆಕ್ಕ ಹೇಗೆ ನಡೆದಿದೆ ಎಂದು ಕೇಳಿದೆ. ಬೇಲಿಯೇ ಎದ್ದು ಹೊಲ ಮೇಯಿತು.

"ಒಂದೂ ತಿಳೀವಲ್ದವ್ವಾ. ಎಲ್ಲಾರೂ ಗೋಣ ಆಡಸ್ತಾರ, ನಾನೂ ಆಡಸ್ತೀನಿ. ಉಸ್ತಾನಿಯವ್ರು ಬಿಡಿಸಿ ಹೇಳ್ತೀನಿ ಅಂದಾರ. ಎರಡ ತಿಂಗಳದಾಗ ಬರತೈತಿ... ಅಪ್ಪಗ ಗೊತ್ತಾಗೂದು ಬ್ಯಾಡ."

ನಿಮ್ಮಪ್ಪ ಒಳಗೆ ಬಂದರು. ಬೈಯಲಿಲ್ಲ. "ನಾಳಿಂದ ಸಾಲಿ ಸಾಕು," ಎಂದರು. ಕಟ್ಟಳೆಯನ್ನು ಅವರು ಮೀರಲಿಲ್ಲ, ನೋಡು. ನೀನು ಅವರ ಕಡೆ ತಿರುಗಲಿಲ್ಲ; ನನ್ನ ಮುಖ ನೋಡಿದೆ. "ಅವರು ಯಾವಾಗ ಬಂದ್ರೋ, ನನಗ ಗೊತ್ತಿಲ್ಲವ್ವಾ," ಎಂದೆ ನಾನು — ದೇವರ ಎದುರಿಗೇ.

ಮರುವರ್ಷ ನಿನ್ನನ್ನು ಕಾರಟಗಿಗೆ ಕೊಟ್ಟೆವು. ನನ್ನ ಸುಳ್ಳನ್ನು ನೀನು ನಂಬಿದ್ದೀ ಎಂದು ಇಷ್ಟು ವರ್ಷ ನೆಮ್ಮದಿಯಾಗಿ ಉಂಡೆ, ಮಲಗಿದೆ.

ಹೋದ ತಿಂಗಳು ನಿನ್ನ ಮನೆಗೆ ಬಂದಿದ್ದೆನಲ್ಲ. ನಿನ್ನ ಮಗಳು ಗಿರಿಜೆ ಪಾಟಿ ಹಿಡಿದು ನನ್ನ ಪಕ್ಕ ಕುಳಿತಳು. "ಆಯಿ, ಈ ಲೆಕ್ಕ ನನಗ..." ಎಂದು ಶುರು ಮಾಡಿದ್ದಳಷ್ಟೆ. ನೀನು ಒಲೆಯ ಮುಂದಿನಿಂದಲೇ ಕರೆದೆ. "ಗಿರಿಜಾ, ಇಲ್ಲಿ ಬಾ. ತಿಳೀಲಾರದ್ದನ್ನ ನನ್ನ ಮುಂದಷ್ಟ ಹೇಳಬೇಕು." ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನತ್ತ ನೋಡಲೂ ಇಲ್ಲ. ಮಗು ಎದ್ದು ಹೋಯಿತು.

ಹಾಗಾದರೆ ನಿನಗೆ ಅಂದೇ ಗೊತ್ತಾಗಿತ್ತು.

ಕ್ಷಮಿಸು ಎಂದು ಕೇಳಲು ಬಾಯಿ ಬರುವುದಿಲ್ಲ. ನೀನು ಮಾಡಿದ್ದು ಸರಿ, ಮಗಳೇ. ನಿನ್ನನ್ನೂ ಹಾಗೆಯೇ ಯಾರಾದರೂ ನನ್ನ ಪಕ್ಕದಿಂದ ಎಬ್ಬಿಸಿ ಕರೆದುಕೊಳ್ಳಬೇಕಾಗಿತ್ತು.