ಸೋಮವಾರದ ಜ್ವರ

ನನಗೆ ಈವರೆಗೆ ಬಂದ ಜ್ವರಗಳಲ್ಲಿ ಬಹಳ ಸುಖ ಕೊಟ್ಟದ್ದು ಮೈಗೆ ಬಾರದೆ ಬರಿಯ ಕಾಗದಕ್ಕೆ ಬಂದ ಒಂದು ಜ್ವರ. ಆಗ ನಾನು ಮೈಸೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಯುದ್ಧದ ಕಾಲ, ಸೀಮೆಎಣ್ಣೆಗೂ ಸಾಲಿನಲ್ಲಿ ನಿಲ್ಲಬೇಕಾಗಿದ್ದ ದಿನಗಳು. ಒಂದು ಶನಿವಾರ ಕೂತು, 'ಬರುವ ಸೋಮವಾರ ನನಗೆ ಜ್ವರ ಬರುವುದರಿಂದ' ಎಂದು ರಜೆಯ ಅರ್ಜಿ ಬರೆದೆ. ಓದಿ ನೋಡಿದಾಗ, ಹೀಗೆ ಎರಡು ದಿನ ಮುಂಚಿತವಾಗಿ ಜ್ವರ ಹೇಳುವವನು ಜೋಯಿಸನೇ ಹೊರತು ಗುಮಾಸ್ತನಲ್ಲ ಎಂದು ಹೊಳೆಯಿತು. ಹರಿದುಹಾಕಿ, 'ಈಗಾಗಲೇ ಮೈ ಬೆಚ್ಚಗಿದೆ' ಎಂದು ಬೇರೆ ಬರೆದೆ. ಸುಳ್ಳು ಹೇಳುವುದಕ್ಕೂ ಸ್ವಲ್ಪ ಅಭ್ಯಾಸ ಬೇಕು, ನೋಡಿ.

ಸುಳ್ಳಿನ ಅವಶ್ಯಕತೆ ಏನಿತ್ತು ಎಂದು ಕೇಳುವಿರಿ. ನನ್ನೂರು ಮದ್ದೂರಿನ ಹತ್ತಿರ, ವೈದ್ಯನಾಥಪುರದಿಂದ ಒಂದು ಮೈಲಿ ಆಚೆಗೆ. ಮನೆಯಲ್ಲಿ ಅವ್ವ, ಅಣ್ಣ ತಿಮ್ಮಣ್ಣ, ಅತ್ತಿಗೆ. ತಿಂಗಳಿಗೊಮ್ಮೆ ಶನಿವಾರ ಸಂಜೆಯ ರೈಲು ಹತ್ತಿ, ಮದ್ದೂರಿನಲ್ಲಿ ಇಳಿದು, ನಡೆದು ಊರು ಸೇರುತ್ತಿದ್ದೆ. ಭಾನುವಾರವೆಲ್ಲ ಮನೆಯವರ ಜೊತೆ ಹರಟಬೇಕೆಂಬ ಆಸೆ. ಆದರೆ ಭಾನುವಾರವೆಂಬ ರಜೆ ನಮ್ಮ ಕಡೆಯ ಹಳ್ಳಿಗಳಿಗೆ ಇನ್ನೂ ಬಂದು ತಲುಪಿರಲಿಲ್ಲ.

ನ್ಯಾಯವಾಗಿ ನೋಡಿದರೆ ತಪ್ಪು ಹಳ್ಳಿಯದಲ್ಲ. ಪಂಚಾಂಗ ತೆಗೆದು ನೋಡಿ. ಏಳು ವಾರಗಳಿಗೂ ಒಬ್ಬೊಬ್ಬ ಒಡೆಯನಿದ್ದಾನೆ. ಭಾನುವಾರದ ಒಡೆಯ ಸೂರ್ಯ. ಹುಟ್ಟಿದಂದಿನಿಂದ ಒಂದು ದಿನವೂ ತಪ್ಪಿಸಿಕೊಳ್ಳದೆ, ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬರುವವನು. ಅಂಥವನ ಹೆಸರಿನಲ್ಲಿ ಕಚೇರಿಗೆ ಬೀಗ ಹಾಕುವುದು ಯಾವ ಧರ್ಮ? ನಮ್ಮವರು ಬಿಡುವಿಗೆಂದು ಆರಿಸಿಕೊಂಡದ್ದು ಸೋಮವಾರವನ್ನು. ಅದು ಶಿವನ ವಾರ. ಶಿವನನ್ನು ಹೊರುವವನು ಬಸವಣ್ಣ. ಆದ್ದರಿಂದ ಬಸವಣ್ಣನ ವಂಶದವರ ಹೆಗಲ ಮೇಲೆ ಆ ದಿನ ಯಾರೂ ನೊಗ ಇಡುವಂತಿಲ್ಲ. ಇಟ್ಟರೆ ಊರು ಕರೆದು ಕೇಳುತ್ತದೆ. ಹೀಗಾಗಿ ನನ್ನ ರಜೆ ಮುಗಿದ ಮಾರನೆಯ ಬೆಳಗ್ಗೆ ಅವರ ರಜೆ ಶುರುವಾಗುತ್ತಿತ್ತು. ಆ ಹೊತ್ತಿಗೆ ನಾನು ಮೈಸೂರಿನ ರೈಲಿನಲ್ಲಿ ತೂಕಡಿಸುತ್ತಿರುತ್ತಿದ್ದೆ.

ಭಾನುವಾರ ನಾನು ಏಳುವಷ್ಟರಲ್ಲಿ ಅಣ್ಣ ಹೊಲ ಸೇರಿರುತ್ತಿದ್ದ. ಜಗಲಿಯ ಮೇಲೆ ಉಳಿಯುತ್ತಿದ್ದವರು ನಾನು ಮತ್ತು ಒಂದು ಕುಂಟ ಕೋಳಿ. ಒಮ್ಮೆ ಬೇಗ ಎದ್ದು, ಪಂಚೆ ಎತ್ತಿ ಕಟ್ಟಿ, "ನಾನೂ ಬತ್ತೀನಿ ಕಣಣ್ಣ" ಎಂದೆ. "ನೀ ಕೂತ್ಕೊಳ್ಲಾ, ಓದ್ದೋನು" ಎಂದವನೇ ನೇಗಿಲು ಹೊತ್ತು ಹೊರಟುಬಿಟ್ಟ. ಸಂಜೆ ದಣಿದು ಬಂದು, ಮುದ್ದೆ ಉಂಡು, ಕೈ ತೊಳೆದ ನೀರು ಆರುವ ಮೊದಲೇ ಮಲಗಿಬಿಡುತ್ತಿದ್ದ. ಎರಡು ವರ್ಷ ನಮ್ಮಿಬ್ಬರ ಮಾತು "ಬಂದ್ಯಾ?" ಎಂಬಲ್ಲಿ ಶುರುವಾಗಿ "ಓಯ್ತೀಯಾ?" ಎಂಬಲ್ಲಿ ಮುಗಿಯಿತು. ಹೊಳೆ ಬಂದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಿಂಷೆ ದಾಟಿಸಿ ಸ್ಕೂಲಿಗೆ ಬಿಟ್ಟು ಬರುತ್ತಿದ್ದ ಅಣ್ಣ ಇವನು. ಅವನು ನನ್ನಿಂದ ದೂರವಾಗುತ್ತಿದ್ದಾನೆ ಎಂದು ನನಗೆ ಭಯವಾಗತೊಡಗಿತು. ಜಗಳವಾಗಿದ್ದರೆ ರಾಜಿಯಾದರೂ ಆಗಬಹುದಿತ್ತು. ಏನೂ ಆಗಿರಲಿಲ್ಲ, ಅದೇ ತೊಂದರೆ. ಅವರ ಒಂದು ಸೋಮವಾರವನ್ನು ಹೇಗಾದರೂ ಹಿಡಿಯಬೇಕೆಂದು ಹಟ ಬಂತು. ಜ್ವರಕ್ಕೆ ಇದೇ ಕಾರಣ.

ಆ ಸೋಮವಾರವನ್ನು ನಾನು ಮನಸ್ಸಿನಲ್ಲಿ ಮೊದಲೇ ಚೆನ್ನಾಗಿ ಅಲಂಕರಿಸಿಟ್ಟುಕೊಂಡಿದ್ದೆ. ಹೊಂಗೆ ಮರದ ನೆರಳು, ಒಂದು ಚಾಪೆ, ಅಣ್ಣ ಒಂದು ಮಗ್ಗುಲಿಗೆ, ನಾನು ಒಂದು ಮಗ್ಗುಲಿಗೆ. ಕೊನೆಗೆ ಸೋಮವಾರ ಬಂತು. ಬಿಸಿಲು ಚೆನ್ನಾಗಿ ಬಿದ್ದ ಮೇಲೆ ಎದ್ದು, ಆಕಳಿಸುತ್ತ ಹೊರಗೆ ಬಂದೆ. ಅಣ್ಣ ನೆನೆಸಿ ಬಡಿದ ಕತ್ತಾಳೆ ನಾರಿನ ಒಂದು ಕಂತೆಯನ್ನು ನನ್ನ ಕೈಗೆ ಹಾಕಿ, "ಎದ್ಯಾ? ಇಡ್ಕೊ" ಎಂದ.

"ಇವತ್ತು ರಜ ಅಲ್ವಾ ಅಣ್ಣ?"

ಎದುರು ಮನೆಯ ಜಗಲಿಯಲ್ಲಿ ನನ್ನ ಬಾಲ್ಯದ ಗೆಳೆಯ ಕೆಂಪ ಅವರೆಕಾಯಿ ಬಿಡಿಸುತ್ತ ಕೂತಿದ್ದ. ಅಲ್ಲಿಂದಲೇ, "ರಜ ಎತ್ಗೆ ಕಣ್ಲಾ, ನಿಂಗಲ್ಲ" ಎಂದ.

ನಿಜವಾಗಿಯೂ ಹಾಗೆಯೇ ಇತ್ತು. ಎತ್ತುಗಳು ನಾನು ಕಂಡಿದ್ದ ಕನಸಿನ ಪ್ರಕಾರ ಹೊಂಗೆ ಮರದ ನೆರಳಿನಲ್ಲಿ ಒಂದೊಂದು ಮಗ್ಗುಲಿಗೆ ಮಲಗಿದ್ದವು. ಮನುಷ್ಯರು ಮಾತ್ರ ವಾರವೆಲ್ಲ ಎತ್ತಿನ ಹಿಂದೆ ಓಡಾಡಿ ಬಾಕಿ ಉಳಿಸಿಕೊಂಡ ಕೆಲಸಗಳನ್ನು ಹರಡಿಕೊಂಡು ಕೂತಿದ್ದರು. ಒಬ್ಬ ಕುಡುಗೋಲು ಮಸೆಯುತ್ತಿದ್ದ, ಇನ್ನೊಬ್ಬ ಗಾಡಿಯ ಚಕ್ರದ ಗುಂಬಕ್ಕೆ ಎಣ್ಣೆ ಬಿಡುತ್ತಿದ್ದ. ನಮ್ಮ ಪಾಲಿಗೆ ಹಗ್ಗ ಬಂದಿತ್ತು. ನಾವು ಬೆವರುವುದನ್ನು ನೋಡುತ್ತ ಎತ್ತುಗಳು ಸಾವಧಾನವಾಗಿ ಮೆಲುಕು ಹಾಕುತ್ತಿದ್ದವು. ನನಗೆ ನಮ್ಮ ಮೇಲಧಿಕಾರಿಗಳ ನೆನಪಾಯಿತು.

ಹಗ್ಗ ಹೊಸೆಯಲು ಎರಡು ತುದಿಗೂ ಒಬ್ಬೊಬ್ಬರು ಬೇಕು. ನಾನು ಅಣ್ಣನ ಕೈ ನೋಡಿಕೊಂಡು, ಅವನು ತಿರುವಿದ ಕಡೆಗೇ ಶ್ರದ್ಧೆಯಿಂದ ತಿರುವಿದೆ. ಎದುರುಬದುರು ನಿಂತವರು ಹಾಗೆ ಮಾಡಿದರೆ ಏನಾಗುತ್ತದೆಂದು ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ. ಎಷ್ಟು ಹೊತ್ತಾದರೂ ನಾರು ನಾರಾಗಿಯೇ ಇತ್ತು. "ನಾನಿಲ್ಲಿ ಒಸೀತಾ ಇವ್ನಿ, ನೀನಲ್ಲಿ ಬಿಚ್ತಾ ನಿಂತಿದ್ದೀಯಲ್ಲಾ" ಎಂದ ಅಣ್ಣ. ಕೆಂಪ, "ಬುಡು ತಿಮ್ಮಣ್ಣ, ಕಚೇರೀಲಿ ಅದೇ ಕೆಲ್ಸ ಇರ್ಬೇಕು" ಎಂದ.

ಹಗ್ಗ ಬಿಗಿ ಹಿಡಿದ ಮೇಲೆ ಕೇಳಿದೆ: "ಇಷ್ಟು ದಿನ ಈ ತುದಿ ಯಾರು ಇಡ್ಕೊತಿದ್ರಣ್ಣ?"

ಜಗಲಿಯ ಕಂಬದ ಕಡೆ ಅವನು ಗದ್ದ ಎತ್ತಿ ತೋರಿಸಿದ. ಅದರ ನಡುವಿನಲ್ಲಿ ಹಗ್ಗ ಉಜ್ಜಿ ಸವೆದ ಗುರುತಿತ್ತು.

"ಕಂಬ ಇಡ್ಕತದೆ, ಆದ್ರೆ ತಿರುವಾಕಿಲ್ಲ" ಎಂದ. ಕೈಯಲ್ಲಿದ್ದ ನಾರನ್ನೇ ನೋಡುತ್ತ, "ನೀನು ಸ್ವಾಮಾರ ಬೆಳಕಾಗೋಕೆ ಮುಂಚೆ ಒಂಟೋಯ್ತಿದ್ದೆ. ನಾರು ಮುಟ್ಟಾಕೆ ನಾಚ್ಕೆ ಏನೋ ಅಂತ ನಾನೂ ಕೇಳ್ನಿಲ್ಲ" ಎಂದ.

ಎರಡು ವರ್ಷ ಅವನು ಭಾನುವಾರ ನನ್ನನ್ನು ತಪ್ಪಿಸಿಕೊಂಡು ಹೊಲಕ್ಕೆ ಹೋಗುತ್ತಾನೆಂದು ನಾನು ಕೊರಗಿದ್ದೆ. ಅಷ್ಟೇ ಕಾಲ ನಾನು ಸೋಮವಾರ ಅವನನ್ನು ತಪ್ಪಿಸಿಕೊಂಡು ಓಡುತ್ತೇನೆಂದು ಅವನು ಕೊರಗಿದ್ದ. "ನಾಚ್ಕೆ ಅಲ್ಲ ಕಣಣ್ಣ, ಸ್ವಾಮಾರ ಅತ್ತು ಗಂಟೆಗೆ ಅಲ್ಲಿ ರುಜು ಆಕ್ಬೇಕು" ಎಂದೆ.

"ಸರ್ಕಾರದೋರು ಸ್ವಾಮಾರಾನೂ ಎತ್ಗೆ ನೊಗ ಇಕ್ತಾರಾ?"

"ಇಕ್ತಾರೆ. ಎತ್ತು ನಾವೇ."

ಅಣ್ಣ ನಕ್ಕ. ಅವನ ನಗೆ ಹೇಗಿರುತ್ತದೆಂಬುದೇ ನನಗೆ ಮರೆತುಹೋಗಿತ್ತು. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಸಡಿಲ ಬುಡ್ಬೇಡ್ಲಾ" ಎಂದು ಗದರಿಸಿದ. ಆಮೇಲೆ ಸಂಜೆಯವರೆಗೆ ನಾವು ಏನೇನು ಮಾತಾಡಿದೆವೋ ಜ್ಞಾಪಕವಿಲ್ಲ. ಮಧ್ಯಾಹ್ನ ಅವ್ವ ಹಿದುಕಿದವರೆ ಸಾರು ಮಾಡಿದ್ದಳು. ಕೆಂಪನೂ ಬಂದು ಉಂಡ. ನನ್ನ ಅಂಗೈಯಲ್ಲಿ ಎದ್ದಿದ್ದ ಬೊಬ್ಬೆ ನೋಡಿ ಅವ್ವ ಹರಳೆಣ್ಣೆ ಸವರಿದಳು. "ಎಲ್ಡು ದಿನಕ್ಕೆ ಇಳೀತದೆ ಬುಡು" ಎಂದಳು. ಅತ್ತಿಗೆ ಮಾತ್ರ ನಾವು ಹೊಸೆದ ಹಗ್ಗವನ್ನು ಎತ್ತಿ ಹಿಡಿದು, ಯಾವ ತುದಿ ಯಾರದೆಂದು ಒಂದೇ ನೋಟಕ್ಕೆ ಹೇಳಿಬಿಟ್ಟಳು.

ಮಂಗಳವಾರ ಕಚೇರಿಯಲ್ಲಿ ರುಜು ಹಾಕಲು ಲೇಖನಿ ಹಿಡಿದರೆ ಕೈ ಮಡಚಲಿಲ್ಲ. ನಮ್ಮ ಹೆಡ್ ಗುಮಾಸ್ತರು ಮಳವಳ್ಳಿ ಕಡೆಯವರು, ಮಾತು ಕಡಿಮೆ, ಕನ್ನಡಕದ ಮೇಲಿಂದ ನೋಡುವವರು. ಅಂಗೈಯನ್ನು ನೋಡಿ, "ಜ್ವರ ಇಲ್ಲಿಗೆ ಬಂದಿತ್ತೇನ್ರೀ?" ಎಂದರು. ನಾನು ಬೆವತುಹೋದೆ. ಅವರು ಇನ್ನಷ್ಟು ಬಗ್ಗಿ ನೋಡಿ, ದನಿ ತಗ್ಗಿಸಿ, "ಕತ್ತಾಳೆ ನಾರೋ?" ಎಂದರು. ಹೌದೆಂದೆ. ಕಂಬದ ವಿಷಯವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ಮತ್ತೆ ತೆಗೆದು ಒರೆಸಿದರು.

ಮುಂದಿನ ಸೋಮವಾರ ಹೆಡ್ ಗುಮಾಸ್ತರ ಕುರ್ಚಿ ಖಾಲಿ ಇತ್ತು. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವರಿಗೆ ಮೊದಲ ಸಲ ಜ್ವರ ಬಂದಿದೆಯೆಂದು ಕಚೇರಿಯೆಲ್ಲ ಮರುಗಿತು. ಮಂಗಳವಾರ ಬಂದವರು ಬಲಗೈಯನ್ನು ಕೋಟಿನ ಜೇಬಿನಿಂದ ತೆಗೆಯಲೇ ಇಲ್ಲ. ನಶ್ಯವನ್ನೂ ಎಡಗೈಯಲ್ಲೇ ಏರಿಸಿದರು. ನಾನು ಹಾಜರಿ ಪುಸ್ತಕವನ್ನು ಅವರ ಮುಂದಿಟ್ಟೆ. ಜ್ವರ ಹೇಗಿದೆ ಎಂದು ಕೇಳಲಿಲ್ಲ. ಬಗ್ಗಿ, ಮೆಲ್ಲಗೆ, "ಹರಳೆಣ್ಣೆ ಸವರಿ ಸ್ವಾಮಿ, ಎರಡು ದಿನಕ್ಕೆ ಇಳಿಯುತ್ತದೆ" ಎಂದಷ್ಟೇ ಹೇಳಿದೆ.